ನಮ್ಮ ಪರವಾದ ಸುಳ್ಳು

ಹಿಜರಿ 10ನೇ ವರ್ಷದ ಒಂದು ದಿನ. ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರವರ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆದನು. ಹ. ಮಾರಿಯಾ(ರ)ರಲ್ಲಿ ಹುಟ್ಟಿದ ಆ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಹ. ಖದೀಜಾ(ರ)ರಲ್ಲಿ ಹುಟ್ಟಿದ ಗಂಡುಮಕ್ಕಳನ್ನು ಎಳವೆಯಲ್ಲೇ ಕಳಕೊಂಡಿದ್ದ ತಂದೆ, ಅರುವತ್ತು ದಾಟಿದ ವಯಸ್ಸಿನಲ್ಲಿ ಮತ್ತೊಂದು ಮಗುವನ್ನು ಮಣ್ಣಿಗೆ ಒಪ್ಪಿಸಬೇಕಾಗಿತ್ತು. ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಹರಿದುವು. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ಆದರೆ ಪ್ರಭುವಿಗೆ ಮೆಚ್ಚಿಗೆಯಾಗದ ಮಾತನ್ನು ನಾವು ಆಡಲಾರೆವು ಎಂಬ ಅರ್ಥದ ಮಾತನ್ನು ಅವರು ಅಂದು ಹೇಳಿದರು.

ಅದೇ ದಿನ ಸೂರ್ಯಗ್ರಹಣವಾಯಿತು. ಖಗೋಳ ಲೆಕ್ಕಾಚಾರದ ಪ್ರಕಾರ ಅದು ಕ್ರಿ.ಶ. 632ರ ಜನವರಿ 27. ಹಗಲಿನಲ್ಲೇ ಬೆಳಕು ಮಂಕಾದಾಗ ಮದೀನಾದ ಜನರ ಬಾಯಲ್ಲಿ ಒಂದು ಮಾತು ಹಬ್ಬಿತು: ಪ್ರವಾದಿಯವರ ಮಗ ತೀರಿಕೊಂಡದ್ದಕ್ಕಾಗಿ ಸೂರ್ಯನೇ ಶೋಕಿಸುತ್ತಿದ್ದಾನೆ.

ಈ ಮಾತನ್ನು ಹುಟ್ಟಿಸಿದವರು ಶತ್ರುಗಳಲ್ಲ. ಕಪಟವಿಶ್ವಾಸಿಗಳೂ ಅಲ್ಲ. ಅದು ಪ್ರೀತಿಯಿಂದ ಹುಟ್ಟಿದ ಮಾತು. ಅದರಿಂದ ಯಾರಿಗೂ ನಷ್ಟವಿದ್ದಂತೆ ಕಾಣುತ್ತಿರಲಿಲ್ಲ. ಬದಲಾಗಿ, ಸಂಶಯದಲ್ಲಿದ್ದ ಎಷ್ಟೋ ಮಂದಿ ಅದನ್ನು ಕೇಳಿ ವಿಶ್ವಾಸಿಗಳಾಗುತ್ತಿದ್ದರೋ ಏನೋ. ಪ್ರವಾದಿಯವರು(ಸ) ಅದನ್ನು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮಗನನ್ನು ಕಳಕೊಂಡ ತಂದೆಯ ಮೌನವನ್ನು ಯಾರು ತಾನೇ ಪ್ರಶ್ನಿಸುತ್ತಿದ್ದರು?

ಆದರೆ ಅವರು ಸುಮ್ಮನಿರಲಿಲ್ಲ. ಜನರನ್ನು ಸೇರಿಸಿ ದೀರ್ಘವಾದ ನಮಾಝ್ ನಿರ್ವಹಿಸಿದರು. ಅನಂತರ ಎದ್ದು ನಿಂತು, ಸೂರ್ಯ ಮತ್ತು ಚಂದ್ರ ಅಲ್ಲಾಹನ ಎರಡು ದೃಷ್ಟಾಂತಗಳೆಂದೂ ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಮೂಢನಂಬಿಕೆಯ ಖಂಡನೆಯಾಗಿ ವಿವರಿಸುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಪಾಠವಿದೆ. ನಮ್ಮ ವಿರುದ್ಧ ಹೇಳಲಾದ ಸುಳ್ಳನ್ನು ವಿರೋಧಿಸಲು ದೇವಭಯ ಬೇಕಾಗಿಲ್ಲ, ಸ್ವಾಭಿಮಾನ ಸಾಕು. ನಮ್ಮ ಪರವಾಗಿ ಹಬ್ಬುತ್ತಿರುವ ಸುಳ್ಳನ್ನು ತಡೆದು ನಿಲ್ಲಿಸಲು ಮಾತ್ರ ದೇವಭಯವೇ ಬೇಕು. ಸುದ್ದಿ, ಜಾಹೀರಾತು ಮತ್ತು ಮೊಬೈಲ್ ಸಂದೇಶಗಳ ಈ ಕಾಲದಲ್ಲಿ ನಮ್ಮ ವಿಶ್ವಾಸ ಪ್ರತಿದಿನ ಪರೀಕ್ಷೆಗೊಳಗಾಗುವ ಸ್ಥಳ ಇದುವೇ ಆಗಿದೆ.

ಒಂದು ಚಿತ್ರ, ಒಂದು ಪ್ರಶ್ನೆ

2012ರ ಜೂನ್ ತಿಂಗಳಲ್ಲಿ ಮ್ಯಾನ್ಮಾರಿನ ಅರಾಕಾನ್ ಪ್ರದೇಶದಲ್ಲಿ ರೋಹಿಂಗ್ಯಾ ಮುಸ್ಲಿಮರು ಹಿಂಸೆಗೆ ತುತ್ತಾದರು. ಆ ದಿನಗಳಲ್ಲಿ ಒಂದು ಚಿತ್ರ ಇಂಟರ್‌ನೆಟ್‌ನಲ್ಲೂ ಮೊಬೈಲ್‌ಗಳಲ್ಲೂ ಎಲ್ಲೆಡೆ ಹರಿದಾಡಿತು. ಸಾಲುಸಾಲಾಗಿ ಬಿದ್ದ ಹೆಣಗಳು, ಅವುಗಳ ನಡುವೆ ಕಾವಿ ಬಟ್ಟೆಯ ಬೌದ್ಧ ಭಿಕ್ಷುಗಳು. ಭಿಕ್ಷುಗಳು ಕೊಂದು ಹಾಕಿದ ಮುಸ್ಲಿಮರ ಶವಗಳಿವು ಎಂದು ಅದರ ಕೆಳಗೆ ಬರೆದಿತ್ತು.

ನಾನು ಅದನ್ನು ನಂಬಿದೆ. ನಂಬಿದ್ದು ಮಾತ್ರವಲ್ಲ, ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರಿಗೆ ಅದನ್ನು ತೋರಿಸಿದೆ. ಅವರು ಹಿಂದೂ ಸಮುದಾಯದವರು, ಸಜ್ಜನರು. ಚಿತ್ರ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆ ದಿನ ಅವರು ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚಲಿಲ್ಲ.

ಆದರೆ ಆ ಚಿತ್ರ ಮ್ಯಾನ್ಮಾರಿನದ್ದಾಗಿರಲಿಲ್ಲ. 2010ರ ಏಪ್ರಿಲ್ 14ರಂದು ಚೀನಾದ ಕ್ವಿಂಗ್ಹೈ ಪ್ರಾಂತದ ಯೂಷು ಎಂಬಲ್ಲಿ ಸಂಭವಿಸಿದ ಭೂಕಂಪದ ಚಿತ್ರವದು. ಅಲ್ಲಿ ಸತ್ತವರು ಟಿಬೆಟಿಯನ್ನರು. ಭಿಕ್ಷುಗಳು ಅವರ ಅಂತ್ಯಸಂಸ್ಕಾರಕ್ಕಾಗಿ ನೆರೆದಿದ್ದರು. ಸತ್ತವರಿಗಾಗಿ ದುಡಿದವರನ್ನೇ ನಾವು ಕೊಲೆಗಡುಕರೆಂದು ಜಗತ್ತಿಗೆ ತೋರಿಸಿದ್ದೆವು. ಮುಸ್ಲಿಮ್ ಪತ್ರಕರ್ತರೇ ಅದರ ನಿಜಸ್ಥಿತಿಯನ್ನು ಬಯಲುಗೊಳಿಸಿದರು ಎಂಬುದೊಂದೇ ಸಮಾಧಾನದ ಸಂಗತಿ.

2017ರ ಆಗಸ್ಟ್ ಕೊನೆಯಿಂದ ಏಳು ಲಕ್ಷಕ್ಕೂ ಮಿಕ್ಕಿದ ರೋಹಿಂಗ್ಯಾ ಮುಸ್ಲಿಮರು ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಓಡಿ ಬಂದರು. ಇದು ನಿಜ. ವಿಶ್ವಸಂಸ್ಥೆಯೇ ದಾಖಲಿಸಿದ ನಿಜ. ಮಕ್ಕಳನ್ನು ಬುಟ್ಟಿಯಲ್ಲಿ ಹೊತ್ತು ಕೆಸರಿನಲ್ಲಿ ನಡೆಯುತ್ತಿದ್ದ ತಂದೆತಾಯಿಗಳ ಚಿತ್ರ ದಿನಪತ್ರಿಕೆಯಲ್ಲಿ ಬಂದಿತ್ತು. ನಾನು ಆ ಪತ್ರಿಕೆಯನ್ನು ಅದೇ ಸಹೋದ್ಯೋಗಿಯ ಮುಂದಿಟ್ಟೆ. ಅವರು ಒಮ್ಮೆ ನೋಡಿ, ಯಾವ ವ್ಯಂಗ್ಯವೂ ಇಲ್ಲದೆ ಮೆಲ್ಲಗೆ ಕೇಳಿದರು: “ಸಾಹೇಬ್ರೇ, ಅವತ್ತು ತೋರಿಸಿದ್ದು ಭೂಕಂಪದ್ದಂತೆ. ಇದು ಯಾವುದರದ್ದು?”

ನನ್ನ ಬಳಿ ಉತ್ತರವಿತ್ತು. ಆದರೆ ಉತ್ತರಕ್ಕೆ ಬೆಲೆಯಿರಲಿಲ್ಲ. ಐದು ವರ್ಷಗಳ ಹಿಂದೆ ಆ ಬೆಲೆಯನ್ನು ನಾನೇ ಖರ್ಚು ಮಾಡಿಬಿಟ್ಟಿದ್ದೆ. ನಷ್ಟವಾದದ್ದು ನನಗಲ್ಲ, ಕೆಸರಿನಲ್ಲಿ ನಡೆಯುತ್ತಿದ್ದ ಆ ತಾಯಿಗೆ. ಮರ್ದಿತರ ಹೆಸರಿನಲ್ಲಿ ಹೇಳುವ ಸುಳ್ಳು ಕೊನೆಗೆ ಮರ್ದಿತರ ಬಾಯಿಂದಲೇ ಸತ್ಯವನ್ನು ಕಿತ್ತುಕೊಳ್ಳುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ 2012ರ ಜುಲೈಯಲ್ಲಿ ಅಸ್ಸಾಮಿನ ಕೋಕ್ರಝಾರ್ ಪ್ರದೇಶದಲ್ಲಿ ಬೋಡೋ ಜನಾಂಗದವರು ಮತ್ತು ಮುಸ್ಲಿಮರ ನಡುವೆ ಹಿಂಸೆ ಭುಗಿಲೆದ್ದಿತ್ತು. ಆಗಸ್ಟ್ 11ರಂದು ಮುಂಬಯಿಯ ಆಝಾದ್ ಮೈದಾನದಲ್ಲಿ ನಡೆದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಸತ್ತರು. ಆ ಬಳಿಕ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಸುಳ್ಳು ಹಬ್ಬಿತು. ರಮಝಾನ್ ಮುಗಿದೊಡನೆ ಮುಸ್ಲಿಮರು ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಮಾಡಲಿದ್ದಾರೆ ಎಂಬ ಎಸ್ಸೆಮ್ಮೆಸ್‌ಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದುವು. ಆಗಸ್ಟ್ 15ರ ರಾತ್ರಿಯಿಂದ ನಗರದ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ಬ್ಯಾಗು ಹಿಡಿದು ನಿಂತರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರಕಾರ ಆಗಸ್ಟ್ 17ರಂದು ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳುಹಿಸುವುದನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ನಮ್ಮ ಪರವಾದ ಸುಳ್ಳು ಮತ್ತು ನಮ್ಮ ವಿರುದ್ಧದ ಸುಳ್ಳು ಒಂದೇ ದಾರಿಯಲ್ಲಿ, ಒಂದೇ ವಾಹನದಲ್ಲಿ ಪ್ರಯಾಣ ಮಾಡುತ್ತವೆ. ಒಂದಕ್ಕೆ ರಸ್ತೆ ಮಾಡಿಕೊಟ್ಟವರು ಇನ್ನೊಂದನ್ನು ತಡೆಯಲಾರರು.

ಗಮನವೇ ಸರಕು

ಸುಳ್ಳು ಇಷ್ಟು ವೇಗವಾಗಿ ಓಡುವುದೇಕೆ? ಇದಕ್ಕೆ ಉತ್ತರ ವ್ಯಾಪಾರದಲ್ಲಿದೆ. ನಾವು ಪತ್ರಿಕೆಗೆ ಕೊಡುವ ಹಣದಿಂದ ಅದರ ಕಾಗದದ ಖರ್ಚೂ ಹುಟ್ಟುವುದು ಕಷ್ಟ. ಉಳಿದದ್ದನ್ನು ಜಾಹೀರಾತುದಾರ ಕೊಡುತ್ತಾನೆ. ಟಿ.ವಿ. ಚಾನೆಲ್‌ಗಳಲ್ಲಿ ಜಾಹೀರಾತಿನ ದರ ನಿರ್ಧಾರವಾಗುವುದು ಎಷ್ಟು ಮಂದಿ ನೋಡುತ್ತಾರೆ ಎಂಬುದರ ಮೇಲೆ. ಫೇಸ್‌ಬುಕ್, ಯೂಟ್ಯೂಬ್‌ಗಳು ನಮ್ಮಿಂದ ಸಾಮಾನ್ಯವಾಗಿ ಹಣವನ್ನೇ ಕೇಳುವುದಿಲ್ಲ. ಅಂಗಡಿಯಲ್ಲಿ ಬೆಲೆ ಕೊಡದೆ ಏನಾದರೂ ಸಿಗುತ್ತಿದೆಯೆಂದರೆ ಅಲ್ಲಿ ಮಾರಾಟವಾಗುತ್ತಿರುವ ಸರಕು ಬೇರೆಯೇ ಇದೆ ಎಂದು ತಿಳಿಯಬೇಕು. ಅಲ್ಲಿ ಮಾರಾಟವಾಗುವುದು ನಮ್ಮ ಗಮನ. ನಾವು ಎಷ್ಟು ಹೊತ್ತು ನೋಡುತ್ತೇವೆಯೋ ಅಷ್ಟು ಅವರಿಗೆ ಲಾಭ. ಆದುದರಿಂದ ನಮ್ಮನ್ನು ಹಿಡಿದಿಡುವಂಥದ್ದನ್ನೇ ಮತ್ತೆ ಮತ್ತೆ ತೋರಿಸಲಾಗುತ್ತದೆ. ಮನುಷ್ಯನನ್ನು ಹಿಡಿದಿಡುವುದರಲ್ಲಿ ಸಿಟ್ಟು, ಭಯ ಮತ್ತು ಸ್ವಪ್ರಶಂಸೆಗಳಿಗೆ ಮಿಗಿಲಾದುದಿಲ್ಲ.

2018ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೇರಿಕದ ಎಂಐಟಿ ಸಂಸ್ಥೆಯ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. 2006ರಿಂದ 2017ರ ತನಕ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅವರು ಪರಿಶೀಲಿಸಿದ್ದರು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. 1,500 ಮಂದಿಯನ್ನು ತಲುಪಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಇದಕ್ಕಿಂತಲೂ ಗಮನಾರ್ಹವಾದ ಅಂಶ ಇನ್ನೊಂದಿದೆ. ಈ ವ್ಯತ್ಯಾಸಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರು ಎಂದು ಆ ಅಧ್ಯಯನ ಕಂಡುಕೊಂಡಿತು.

ಆ ಮನುಷ್ಯರು ದುಷ್ಟರೇ ಆಗಿರಬೇಕಾಗಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದು ಜನರ ಗುಂಪು ಹೊಡೆದು ಕೊಂದಿತು. ಅವನ ಜತೆಗಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಮಕ್ಕಳ ಕಳ್ಳರಿದ್ದಾರೆ ಎಂಬ ಸಂದೇಶಗಳು ಅದಕ್ಕೂ ಮುಂಚೆ ದೇಶದ ತುಂಬ ಹರಿದಾಡಿದ್ದುವು. ಅವುಗಳನ್ನು ಕಳುಹಿಸಿದವರಲ್ಲಿ ಹೆಚ್ಚಿನವರು ತಾಯಂದಿರೂ ತಂದೆಯರೂ ಆಗಿದ್ದಿರಬೇಕು. ನಾಲ್ಕು ಮಕ್ಕಳಿಗೆ ಒಳಿತಾಗಲಿ ಎಂದೇ ಕಳುಹಿಸಿರಬೇಕು. ಆ ತಿಂಗಳಲ್ಲೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ಫಾರ್ವರ್ಡ್ ಮಾಡದಂತೆ ಮಿತಿ ಹೇರಲು ಮುಂದಾಯಿತು. ಕಂಪೆನಿ ಬೆರಳಿಗೆ ಮಿತಿ ಹಾಕಬಹುದು. ಮನಸ್ಸಿಗೆ ಮಿತಿ ಹಾಕಬೇಕಾದವರು ನಾವೇ.

‘ಅವರು ಹೇಳುವುದಿಲ್ಲವೇ?’

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ತಳ್ಳಿ ಹಾಕುವಂತಿಲ್ಲ. “ನಮ್ಮ ವಿರುದ್ಧ ಹಗಲಿರುಳು ಸುಳ್ಳು ಹೇಳಲಾಗುತ್ತಿದೆ. ಅವರ ಬಳಿ ಚಾನೆಲ್‌ಗಳಿವೆ, ಹಣವಿದೆ. ನಮ್ಮ ಬಳಿ ಇರುವುದು ಒಂದು ಮೊಬೈಲ್. ಅದರಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಅಷ್ಟು ದೊಡ್ಡ ಪಾಪವೇ?”

ನೋವು ಸುಳ್ಳಲ್ಲ. 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ದಿಲ್ಲಿಯ ತಬ್ಲೀಗ್ ಸಮಾವೇಶದ ನೆಪದಲ್ಲಿ ಒಂದು ರೋಗಕ್ಕೆ ಒಂದು ಸಮುದಾಯದ ಹೆಸರನ್ನೇ ಅಂಟಿಸಲಾಯಿತು. ಬೀದಿಯಲ್ಲಿ ತರಕಾರಿ ಮಾರುವ ಬಡವನ ಹೆಸರು ಕೇಳಿ ಜನ ಬಾಗಿಲು ಮುಚ್ಚಿದರು. ಅದೇ ವರ್ಷ ಆಗಸ್ಟ್ 21ರಂದು ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಗೊಳಿಸುತ್ತಾ, ಅವರ ವಿರುದ್ಧ ಪತ್ರಿಕೆ ಮತ್ತು ಟಿ.ವಿ. ಮಾಧ್ಯಮಗಳಲ್ಲಿ ಭಾರೀ ಅಪಪ್ರಚಾರ ನಡೆಯಿತೆಂದು ಹೇಳಿತು. ತೀರ್ಪು ಬಂತು. ಆದರೆ ಆ ಬೇಸಗೆಯಲ್ಲಿ ಕೊಳೆತು ಹೋದ ತರಕಾರಿಗೆ ಬೆಲೆ ಕಟ್ಟಿದವರಿಲ್ಲ.

ಆದರೆ ಇದರಿಂದ ನಾವು ಕಲಿಯಬೇಕಾದುದೇನು? ಸುಳ್ಳಿನ ಗಾಯ ಹೇಗಿರುತ್ತದೆಂದು ನಮಗೆ ಗೊತ್ತು. ಗಾಯದ ನೋವು ಬಲ್ಲವನು ಇನ್ನೊಬ್ಬನಿಗೆ ಅದನ್ನು ಮಾಡಲು ಪರವಾನಿಗೆ ಪಡೆದವನಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಕದಲಿಸದಿರಲಿ ಎಂದು ಕುರ್‌ಆನಿನ ‘ಅಲ್ ಮಾಇದಃ’ ಅಧ್ಯಾಯ ಆದೇಶಿಸುತ್ತದೆ. ‘ಅನ್ನಿಸಾ’ ಅಧ್ಯಾಯವು ಇನ್ನೂ ಮುಂದೆ ಹೋಗಿ, ಸ್ವತಃ ತನ್ನ ವಿರುದ್ಧ, ತಂದೆತಾಯಿಯರ ವಿರುದ್ಧ, ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ವಿಶ್ವಾಸಿಗಳೊಡನೆ ಹೇಳುತ್ತದೆ.

ಯುದ್ಧದಲ್ಲಿಯೂ ಜನರ ನಡುವೆ ರಾಜಿ ಮಾಡಿಸುವಾಗಲೂ ಸತ್ಯವನ್ನು ಮರೆಮಾಚಲು ರಿಯಾಯಿತಿಯಿದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಆದರೆ ನೆರೆಮನೆಯವರು ನಮ್ಮ ಯುದ್ಧದ ಶತ್ರುಗಳಲ್ಲ. ನಾವು ಅವರೊಂದಿಗೆ ಒಂದೇ ಸಂವಿಧಾನದ ಕರಾರಿನಲ್ಲಿ ಬದುಕುವವರು. ಇನ್ನು ರಾಜಿಯ ರಿಯಾಯಿತಿ ಮುರಿದ ಮನಸ್ಸುಗಳನ್ನು ಜೋಡಿಸಲಿಕ್ಕಾಗಿ ಇರುವುದು. ಜೋಡಿಸಲು ಕೊಟ್ಟ ಸೂಜಿಯನ್ನು ಚುಚ್ಚಲು ಬಳಸಿ, ಇದಕ್ಕೆ ಅನುಮತಿಯಿದೆ ಎನ್ನುವುದು ಎಂತಹ ನ್ಯಾಯ?

ಕಳುವಾದ ಕವಚ

‘ಅನ್ನಿಸಾ’ ಅಧ್ಯಾಯದ 105ನೇ ಸೂಕ್ತದಿಂದ ಮುಂದಿನ ಸೂಕ್ತಗಳ ಹಿನ್ನೆಲೆಯಾಗಿ ಕುರ್‌ಆನ್ ವ್ಯಾಖ್ಯಾನಕಾರರು ಒಂದು ಘಟನೆಯನ್ನು ವಿವರಿಸಿದ್ದಾರೆ. ಮದೀನಾದಲ್ಲಿ ಅನ್ಸಾರರ ಒಂದು ಕುಲಕ್ಕೆ ಸೇರಿದ ವ್ಯಕ್ತಿಯೊಬ್ಬ ಯುದ್ಧಕವಚವೊಂದನ್ನು ಕದ್ದನು. ಸಂಶಯ ತನ್ನತ್ತ ತಿರುಗಿದಾಗ ಅದನ್ನು ಯಹೂದಿಯೊಬ್ಬನ ಮನೆಗೆ ಸಾಗಿಸಿ, ಅಪರಾಧವನ್ನು ಅವನ ತಲೆಗೆ ಕಟ್ಟಿದನು. ಅವನ ಕುಲದವರು ಒಟ್ಟಾಗಿ ಬಂದು ಪ್ರವಾದಿವರ್ಯರ(ಸ) ಮುಂದೆ ತಮ್ಮವನ ಪರವಾಗಿ ವಾದಿಸಿದರು. ಒಂದೆಡೆ ಮುಸ್ಲಿಮನೆನಿಸಿಕೊಂಡವನು, ಇನ್ನೊಂದೆಡೆ ಯಹೂದಿ. ಮುಸ್ಲಿಮ್ ಸಮುದಾಯ ಒಳಗಿನ ಮತ್ತು ಹೊರಗಿನ ವಿರೋಧಗಳ ನಡುವೆ ಬದುಕುತ್ತಿದ್ದ ಕಾಲವದು. ನಮ್ಮವನೊಬ್ಬ ಕಳ್ಳನೆಂದು ಸಾಬೀತಾದರೆ ಸಮುದಾಯದ ಮಾನ ಹೋಗುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ.

ಆಗ ದಿವ್ಯವಾಣಿ ಅವತೀರ್ಣವಾಯಿತು, ಯಹೂದಿಯನ್ನು ನಿರಪರಾಧಿಯೆಂದು ಸಾರುತ್ತಾ. ವಂಚಕರ ಪರ ವಾದಿಸಬಾರದೆಂದು ಪ್ರವಾದಿಯವರಿಗೆ(ಸ) ಎಚ್ಚರಿಕೆ ನೀಡಲಾಯಿತು. ತಾನು ಮಾಡಿದ ಪಾಪವನ್ನು ನಿರಪರಾಧಿಯ ಮೇಲೆ ಎಸೆಯುವವನು ಮಿಥ್ಯಾರೋಪ ಮತ್ತು ಸ್ಪಷ್ಟ ಪಾಪದ ಹೊರೆ ಹೊರುತ್ತಾನೆಂದು ತಿಳಿಸಲಾಯಿತು. ಸಮುದಾಯದ ಮಾನ ಉಳಿಯುವುದು ಅಪರಾಧಿಯನ್ನು ಮುಚ್ಚಿಡುವುದರಿಂದಲ್ಲ, ಇವರ ಸಾಕ್ಷ್ಯವನ್ನು ಯಹೂದಿಯೂ ನಂಬಬಹುದು ಎಂಬ ಸ್ಥಿತಿಯಿಂದ. ಹದಿನಾಲ್ಕು ಶತಮಾನಗಳಿಂದ ನಾವು ನಮಾಝ್‌ಗಳಲ್ಲಿ ಓದುತ್ತಾ ಬಂದಿರುವ ಗ್ರಂಥದಲ್ಲಿ ನಮ್ಮವನೊಬ್ಬನ ವಿರುದ್ಧದ ಈ ತೀರ್ಪು ಶಾಶ್ವತವಾಗಿ ಉಳಿದಿದೆ.

ಸದುದ್ದೇಶದ ಸುಳ್ಳು

ಕನ್ನಡದಲ್ಲಿ ಪತ್ರಿಕೆಗೆ ಸುದ್ದಿ ಕಳುಹಿಸುವವನನ್ನು ವರದಿಗಾರ ಎನ್ನುತ್ತೇವೆ. ಹದೀಸ್‌ಗಳನ್ನು ತಲೆಮಾರಿನಿಂದ ತಲೆಮಾರಿಗೆ ತಲುಪಿಸಿದವರನ್ನೂ ವರದಿಗಾರರೆಂದೇ ಕರೆಯುತ್ತೇವೆ. ಆ ಎರಡನೆಯ ವರದಿಗಾರರ ಬಗ್ಗೆ ನಮ್ಮ ಪೂರ್ವಿಕ ವಿದ್ವಾಂಸರು ಎಂತಹ ಎಚ್ಚರ ವಹಿಸಿದ್ದರೆಂದರೆ, ಹೇಳಿದವನು ಯಾರು, ಅವನು ಯಾರಿಂದ ಕೇಳಿದ, ಅವರಿಬ್ಬರು ಭೇಟಿಯಾಗಿದ್ದರೇ, ಅವನ ನೆನಪು ಎಂಥದ್ದು, ಮಾತು ಎಂಥದ್ದು ಎಂದು ಸಾವಿರಾರು ಮಂದಿಯ ಜೀವನವನ್ನು ಜಾಲಾಡಿ ಒಂದು ಶಾಸ್ತ್ರವನ್ನೇ ಕಟ್ಟಿದರು.

ಆ ಶಾಸ್ತ್ರದ ಗ್ರಂಥಗಳಲ್ಲಿ ಮರ್ವ್ ನಗರದ ಕಾಝಿಯಾಗಿದ್ದ ನೂಹ್ ಬಿನ್ ಅಬೀ ಮರ್ಯಮ್ ಎಂಬವರ ಹೆಸರಿದೆ. ಕುರ್‌ಆನಿನ ಒಂದೊಂದು ಅಧ್ಯಾಯವನ್ನು ಓದಿದರೆ ಏನೇನು ಪುಣ್ಯವಿದೆ ಎಂಬ ಹದೀಸ್‌ಗಳನ್ನು ಅವರು ಹೇಳುತ್ತಿದ್ದರು. ಇವು ನಿಮಗೆ ಎಲ್ಲಿಂದ ಸಿಕ್ಕಿದುವು ಎಂದು ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಕರ್ಮಶಾಸ್ತ್ರ ಮತ್ತು ಯುದ್ಧಗಳ ಇತಿಹಾಸದಲ್ಲಿ ಮುಳುಗಿರುವುದನ್ನು ಕಂಡು ಪುಣ್ಯಕ್ಕಾಗಿ ತಾನೇ ಇವನ್ನು ರಚಿಸಿದೆನೆಂದು ಹೇಳಿದರಂತೆ. ಉದ್ದೇಶ ಎಷ್ಟು ಒಳ್ಳೆಯದು ನೋಡಿ! ಬಹಳ ವಿದ್ಯೆಗಳನ್ನು ಒಟ್ಟುಗೂಡಿಸಿದವರೆಂದು ಅವರಿಗೆ ‘ಅಲ್ ಜಾಮಿಅ್’ ಎಂಬ ಬಿರುದಿತ್ತು. ಸತ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವರು ಒಟ್ಟುಗೂಡಿಸಿದ್ದರು ಎಂಬುದು ಇಬ್ನು ಹಿಬ್ಬಾನ್‌ರ ತೀರ್ಮಾನವಾಗಿತ್ತು.

ಇನ್ನು ಕೆಲವರು, ನಾವು ಪ್ರವಾದಿಯವರ(ಸ) ವಿರುದ್ಧ ಸುಳ್ಳು ಹೇಳುತ್ತಿಲ್ಲ, ಅವರ ಪರವಾಗಿ ಹೇಳುತ್ತಿದ್ದೇವೆ ಎಂದು ವಾದಿಸಿದರು. ವಿದ್ವಾಂಸರು ಈ ವಾದಕ್ಕೆ ಕಿವಿಗೊಡಲಿಲ್ಲ. ಏಕೆಂದರೆ ಅಲ್ಲಾಹನ ಧರ್ಮಕ್ಕೆ ಸುಳ್ಳಿನ ಸಹಾಯ ಬೇಕೆಂದು ಹೇಳುವುದು ಆ ಧರ್ಮದ ಮೇಲೆ ಹೊರಿಸುವ ದೊಡ್ಡ ಆರೋಪವಾಗಿದೆ. ಇಂದು ‘ಕಲ್ಲಂಗಡಿಯಲ್ಲಿ ಮೂಡಿದ ಅಲ್ಲಾಹನ ಹೆಸರು’ ಎಂಬ ಚಿತ್ರವನ್ನೂ, ಇಂತಿಂತಹ ವಿಜ್ಞಾನಿ ಇಸ್ಲಾಮ್ ಸ್ವೀಕರಿಸಿದನೆಂಬ ಆಧಾರವಿಲ್ಲದ ಸುದ್ದಿಯನ್ನೂ, ‘ಹತ್ತು ಮಂದಿಗೆ ಕಳುಹಿಸಿದರೆ ಶುಭವಾರ್ತೆ’ ಎಂಬ ಸಂದೇಶವನ್ನೂ ಪುಣ್ಯವೆಂದು ಹಂಚುವವರು ನೂಹ್‌ರ ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ನಮ್ಮ ಮಕ್ಕಳು ದೊಡ್ಡವರಾಗಿ ಆ ವಿಜ್ಞಾನಿಯ ಸುದ್ದಿ ಸುಳ್ಳೆಂದು ತಿಳಿದ ದಿನ, ಅದೇ ಬಾಯಿಯಿಂದ ಕೇಳಿದ ಪರಲೋಕದ ಸುದ್ದಿಯನ್ನು ಯಾವ ಮನಸ್ಸಿನಿಂದ ನಂಬಬೇಕು?

‘ಹಲಾಲ್’ ಎಂಬ ಜಾಹೀರಾತು

ನಮ್ಮ ಪರವಾದ ಸುಳ್ಳಿಗೆ ನಾವು ಮನೆಯ ಬಾಗಿಲು ತೆರೆದಿಟ್ಟಾಗ ಅದು ಕೊನೆಗೆ ನಮ್ಮ ಮನೆಯನ್ನೇ ದೋಚುತ್ತದೆ. ಬೆಂಗಳೂರಿನ ಐಎಂಎ ಸಂಸ್ಥೆಯ ಕಥೆಯನ್ನು ನಾವಿನ್ನೂ ಮರೆತಿಲ್ಲ. 2006ರಲ್ಲಿ ಆರಂಭವಾದ ಆ ಸಂಸ್ಥೆ, ಬಡ್ಡಿಯಿಲ್ಲದ ಹಲಾಲ್ ಲಾಭ ಕೊಡುತ್ತೇವೆಂದು ಹೇಳಿ ಜನರಿಂದ ಹಣ ಸಂಗ್ರಹಿಸಿತು. ಹಣ ಹಾಕಿದವರಲ್ಲಿ ಬಹುಪಾಲು ಮುಸ್ಲಿಮ್ ಕುಟುಂಬಗಳು. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಹಜ್ಜ್‌ಗೆಂದು ತೆಗೆದಿಟ್ಟದ್ದು, ಒಡವೆ ಮಾರಿ ತಂದದ್ದು, ಎಲ್ಲವೂ ಅದರಲ್ಲಿತ್ತು. 2019ರ ಜೂನ್‌ನಲ್ಲಿ ಸಂಸ್ಥೆಯ ಮುಖ್ಯಸ್ಥ ದುಬೈಗೆ ಪಲಾಯನ ಮಾಡಿದಾಗ ಶಿವಾಜಿನಗರದ ಕಚೇರಿಯ ಮುಂದೆ ಜನಸಾಗರ ನೆರೆಯಿತು. ಹತ್ತಾರು ಸಾವಿರ ದೂರುಗಳು ದಾಖಲಾದುವು. ವಂಚನೆಯ ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ತನಿಖೆಯಲ್ಲಿ ಅಂದಾಜಿಸಲಾಯಿತು.

ಪ್ರತಿ ತಿಂಗಳೂ ಇಷ್ಟು ಲಾಭ ಯಾವ ವ್ಯಾಪಾರದಲ್ಲಿ ಹುಟ್ಟುತ್ತದೆಂದು ಹೆಚ್ಚಿನವರು ಕೇಳಲಿಲ್ಲ. ಏಕೆ? ಕೇಳಬೇಕಾದ ಜಾಗದಲ್ಲಿ ‘ಹಲಾಲ್’ ಎಂಬ ಪದವಿತ್ತು, ನಮ್ಮವರ ಉಡುಪಿತ್ತು, ನಮ್ಮ ಸಲಾಮ್ ಇತ್ತು. ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬೇಕಿತ್ತು ಎಂದ ಪ್ರವಾದಿಯವರು(ಸ), ವಂಚಿಸುವವನಿಗೆ ತನ್ನೊಡನೆ ಸಂಬಂಧವಿಲ್ಲವೆಂದೂ ಸಾರಿದರು. ಆ ವ್ಯಾಪಾರಿ ಮದೀನಾದ ಪೇಟೆಯವನು, ಪ್ರವಾದಿಯವರ(ಸ) ಊರಿನವನೇ. ಆದರೂ ಅವರು ಕೈ ಹಾಕಿ ನೋಡಿದರು. ನಾವು ರಾಶಿಯ ಮೇಲಿನ ಒಣ ಧಾನ್ಯವನ್ನಷ್ಟೇ ಕಂಡು ಚೀಲ ಹೊತ್ತು ತಂದೆವು.

ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತನ್ನು ಕೊಟ್ಟ ಕಂಪೆನಿ ಮಾತ್ರವಲ್ಲ, ಅದರಲ್ಲಿ ಕಾಣಿಸಿಕೊಂಡು ಸರಕನ್ನು ಹೊಗಳಿದವನೂ ದಂಡಕ್ಕೆ ಅರ್ಹನು. ಮೊದಲ ಬಾರಿಗೆ 10 ಲಕ್ಷ ರೂಪಾಯಿಯ ತನಕ, ಮತ್ತೆ ತಪ್ಪಿದರೆ 50 ಲಕ್ಷದ ತನಕ. ಹೊಗಳುವ ಮುನ್ನ ನಿಜವೇ ಎಂದು ತಕ್ಕಷ್ಟು ಪರಿಶೀಲಿಸಿದ್ದವನಿಗೆ ಮಾತ್ರ ವಿನಾಯಿತಿ. ಇನ್ನೊಬ್ಬರ ಮಾತನ್ನು ದಾಟಿಸುವವನೂ ಆ ಮಾತಿಗೆ ಹೊಣೆಗಾರನೆಂದು ಈ ಕಾನೂನು ಹೇಳುತ್ತದೆ. ಕೇಳಿದ್ದನ್ನೆಲ್ಲ ಹೇಳಿಬಿಡುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂದು ಪ್ರವಾದಿವಚನವೂ ನಮಗೆ ಕಲಿಸಿದೆ. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ’ ಎಂಬ ನೆಪ ಎರಡೂ ನ್ಯಾಯಾಲಯಗಳಲ್ಲಿ ನಿಲ್ಲಲಾರದು.

ಕಿವಿ ಮತ್ತು ನಾಲಗೆಯ ನಡುವೆ

ಕೊನೆಯದಾಗಿ ಒಂದು ಮನೆಯ ಕಥೆ. ಹ. ಆಯಿಶಾ(ರ)ರ ಮೇಲೆ ಅಪವಾದ ಹಬ್ಬಿದಾಗ ಮದೀನಾ ಸುಮಾರು ಒಂದು ತಿಂಗಳ ಕಾಲ ಕುದಿಯಿತು. ಅದನ್ನು ಹುಟ್ಟಿಸಿದವರು ಕಪಟಿಗಳು. ಆದರೆ ಹಂಚಿದವರಲ್ಲಿ ಸತ್ಯವಿಶ್ವಾಸಿಗಳೂ ಇದ್ದರು. ಆ ಘಟನೆಯ ಕುರಿತು ‘ಅನ್ನೂರ್’ ಅಧ್ಯಾಯದಲ್ಲಿ ಅಲ್ಲಾಹನು ಬಳಸಿದ ಪದಪ್ರಯೋಗ ವಿಚಾರಾರ್ಹವಾಗಿದೆ. ಸಾಮಾನ್ಯವಾಗಿ ಮಾತನ್ನು ಕಿವಿಯಿಂದ ಪಡೆಯುತ್ತಾರೆ. ಆದರೆ ಅಲ್ಲಿ ನಾಲಗೆಗಳಿಂದ ಪಡೆಯುವುದರ ಪ್ರಸ್ತಾಪವಿದೆ. ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯುವ ಮೊದಲೇ ಬಾಯಿಂದ ಹೊರಟಿತ್ತು. ಇಂದು ನಾವು ಸುದ್ದಿಯನ್ನು ಬೆರಳಿನಿಂದ ಪಡೆಯುತ್ತೇವೆ, ಓದಿ ಮುಗಿಸುವ ಮೊದಲೇ ಅದೇ ಬೆರಳಿನಿಂದ ಕಳುಹಿಸಿರುತ್ತೇವೆ.

ಆ ದಿನಗಳಲ್ಲಿ ಪ್ರವಾದಿಯವರು(ಸ) ತಮ್ಮ ಇನ್ನೋರ್ವ ಪತ್ನಿ ಹ. ಝೈನಬ್ ಬಿಂತಿ ಜಹ್ಶ್(ರ)ರೊಂದಿಗೆ ಆಯಿಶಾರ ಕುರಿತು ವಿಚಾರಿಸಿದರು. ಪ್ರವಾದಿ ಪತ್ನಿಯರಲ್ಲಿ ತನಗೆ ಸರಿಸಾಟಿಯಾಗಿದ್ದವರು ಝೈನಬ್ ಎಂದು ಸ್ವತಃ ಆಯಿಶಾ(ರ)ರೇ ಹೇಳಿದ್ದಾರೆ. ಝೈನಬ್‌ರು ಒಂದು ಮಾತನ್ನೂ ಸೇರಿಸಬೇಕಾಗಿರಲಿಲ್ಲ, ನನಗೇನೂ ತಿಳಿಯದು ಎಂದು ತಲೆ ತಗ್ಗಿಸಿದ್ದರೂ ಸಾಕಾಗಿತ್ತು. ಆದರೆ ಅವರು, ನನ್ನ ಕಿವಿ ಮತ್ತು ಕಣ್ಣುಗಳನ್ನು ನಾನು ಕಾಪಾಡಿಕೊಳ್ಳುತ್ತೇನೆ, ಆಯಿಶಾರ ಬಗ್ಗೆ ಒಳಿತಲ್ಲದೆ ಬೇರೇನನ್ನೂ ನಾನರಿಯೆ ಎಂಬರ್ಥದಲ್ಲಿ ಉತ್ತರಿಸಿದರು. ಅವರ ತಂಗಿ ಹಮ್ನಾರಾದರೋ ಅಕ್ಕನ ಪರ ವಹಿಸಿ ಆ ಅಪವಾದವನ್ನು ಹಂಚುತ್ತಾ ನಡೆದರು. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬರು ತನ್ನ ಪರವಾದ ಸುಳ್ಳನ್ನು ನಿರಾಕರಿಸಿ ದೇವಭಯದಿಂದ ಪಾರಾದರು. ಇನ್ನೊಬ್ಬರು ಅಕ್ಕನ ಮೇಲಿನ ಪ್ರೀತಿಯಿಂದಲೇ ಎಡವಿದರು.

ನಮ್ಮ ಪ್ರತಿಯೊಂದು ಮನೆಯಲ್ಲೂ, ಪ್ರತಿಯೊಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲೂ ಇಂದು ಈ ಇಬ್ಬರು ಸಹೋದರಿಯರ ದಾರಿಗಳಿವೆ. ಯಾವುದನ್ನು ಆರಿಸಬೇಕೆಂಬುದಕ್ಕೆ ದೊಡ್ಡ ವಿದ್ವತ್ತು ಬೇಕಾಗಿಲ್ಲ. ಸಂದೇಶವೊಂದು ಬಂದಾಗ, ಇದನ್ನು ಯಾರು ಹೇಳಿದರು, ಎಲ್ಲಿ, ಯಾವಾಗ ಎಂದು ಕೇಳೋಣ. ಉತ್ತರವಿಲ್ಲದಿದ್ದರೆ ಅದು ನಮ್ಮಲ್ಲೇ ನಿಲ್ಲಲಿ. ನಮಗೆ ಸಿಟ್ಟು ತರಿಸುವ ಸುದ್ದಿಯನ್ನು ಒಮ್ಮೆ ಪರೀಕ್ಷಿಸಿದರೆ, ನಮಗೆ ಖುಷಿ ಕೊಡುವ ಸುದ್ದಿಯನ್ನು ಎರಡು ಬಾರಿ ಪರೀಕ್ಷಿಸೋಣ. ಹಿರಿಯರೊಬ್ಬರು ತಪ್ಪು ಸಂದೇಶ ಕಳುಹಿಸಿದರೆ ಗುಂಪಿನಲ್ಲಿ ಅವರ ಮಾನ ಕಳೆಯದೆ, ಪ್ರತ್ಯೇಕವಾಗಿ ಫೋನ್ ಮಾಡಿ ವಿನಯದಿಂದ ಹೇಳೋಣ. ನಾವೇ ಕಳುಹಿಸಿದ್ದು ಸುಳ್ಳೆಂದು ಗೊತ್ತಾದರೆ, ಸುಳ್ಳು ಎಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ತಿದ್ದುಪಡಿಯನ್ನೂ ಕಳುಹಿಸೋಣ. ಯಾರಿಗೂ ಕಾಣದಂತೆ ಅಳಿಸಿಬಿಡುವುದು ಪಶ್ಚಾತ್ತಾಪವಲ್ಲ. ಹಕ್ಕು ಯಾರದ್ದೋ ಅವರಿಗೆ ಮರಳಿಸದೆ ತೌಬಾ ಪೂರ್ಣವಾಗುವುದಿಲ್ಲ.

ಆ ಸಹೋದ್ಯೋಗಿಗೆ ನಾನು ಕೊನೆಗೂ ಅದನ್ನೇ ಮಾಡಿದೆ. “ಅವತ್ತು ತೋರಿಸಿದ್ದು ತಪ್ಪು. ವಿಚಾರಿಸದೆ ನಂಬಿದೆ, ನಿಮ್ಮನ್ನೂ ನಂಬಿಸಿದೆ. ಕ್ಷಮಿಸಬೇಕು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರಿಕೆಯನ್ನು ತನ್ನತ್ತ ಎಳೆದುಕೊಂಡು ಆ ವರದಿಯನ್ನು ಮೊದಲಿನಿಂದ ಕೊನೆಯ ತನಕ ಓದಿದರು.

ಮಗನನ್ನು ಮಣ್ಣು ಮಾಡಿದ ದಿನವೂ ಪ್ರವಾದಿಯವರು(ಸ) ತನ್ನ ಪರವಾಗಿ ಆಕಾಶದ ಸಾಕ್ಷ್ಯವನ್ನು ಸ್ವೀಕರಿಸಲಿಲ್ಲ, ಏಕೆಂದರೆ ಅದು ಸತ್ಯವಾಗಿರಲಿಲ್ಲ. ನಾವು ಅವರ ಅನುಯಾಯಿಗಳೆಂದು ಹೇಳಿಕೊಳ್ಳುತ್ತೇವೆ. ಒಂದು ಸಂದೇಶವನ್ನು ತಡೆಹಿಡಿಯುವಷ್ಟಾದರೂ ಆ ಸತ್ಯನಿಷ್ಠೆಯನ್ನು ಅಲ್ಲಾಹನು ನಮಗೆ ಕರುಣಿಸಲಿ.